ಡಾಲ್ಡಾ ಡಬ್ಬಿಯ ತೂತು

೧೯೮೮ ಜನವರಿ ೨, ಶನಿವಾರ, ಕಂಪ್ಲಿ

ಗೊಬ್ಬರದ ಕಂಪನಿಯವರು ಪ್ರತಿ ವರ್ಷದ ಹಾಗೆ ಈ ವರ್ಷವೂ ಡೈರಿ ಕಳಿಸಿದ್ದಾರೆ. ರಟ್ಟಿನ ಮೇಲೆ ಬಂಗಾರದ ಅಕ್ಷರದಲ್ಲಿ ಅಣ್ಣನ ಹೆಸರು. ಶ್ರೀ ದೊಡ್ಡಬಸಪ್ಪನವರು, ರೈಸ್ ಮಿಲ್ಲು, ಕಂಪ್ಲಿ. ಕಾರ್ತಿಕ ಮುಗಿಯುವ ಹೊತ್ತಿಗೆ ಅಣ್ಣ ತೀರಿಕೊಂಡದ್ದು ಕಂಪನಿಗೆ ಗೊತ್ತಿಲ್ಲ. ವಾಪಸು ಕಳಿಸಲು ಮನಸ್ಸಿಲ್ಲ, ರದ್ದಿಗೆ ಹಾಕಲೂ ಆಗುವುದಿಲ್ಲ. ನಾನೇ ಬರೆಯುತ್ತೇನೆ. ನಾನು ಓದಿದ್ದು ಏಳನೇ ಕ್ಲಾಸು. ಆದರೆ ನನ್ನ ಅಕ್ಷರ ನೋಡಿ ನಮ್ಮ ಮಾಸ್ತರರು ತಮ್ಮ ಅಕ್ಷರ ತಿದ್ದಿಕೊಂಡರು. ಇದನ್ನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಎಷ್ಟೋ ಸಲ ಹೇಳಿ ಚಹಾ ಕುಡಿದಿದ್ದೇನೆ. ಈಚೆಗೆ ಆ ಕಡೆ ಹೋಗಿಲ್ಲ.

ಅಣ್ಣ ಮಿಲ್ಲಿನ ಗಲ್ಲೆಯ ಮೇಲೆ ಕೂತಲ್ಲೇ ಹೋದ. ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ. ಮಣ್ಣು ಮಾಡಿ ಬಂದು, ಸ್ನಾನ ಮಾಡಿ, ಬುಕ್ಕಸಾಗರದಿಂದ ಬಂದು ನಿಂತಿದ್ದ ಭತ್ತದ ಲಾರಿ ಇಳಿಸಿಕೊಂಡೆ. ಸುಗ್ಗಿಯ ಕಾಲ, ಮಿಲ್ಲು ನಿಲ್ಲಿಸುವ ಹಾಗಿರಲಿಲ್ಲ.

ಗಲ್ಲೆಯ ಪಕ್ಕದ ಕಿಟಕಿಯಲ್ಲಿ ಅಣ್ಣ ಡಾಲ್ಡಾ ಡಬ್ಬಿಯಲ್ಲಿ ಒಂದು ಮನಿಪ್ಲಾಂಟ್ ಬಳ್ಳಿ ಬೆಳೆಸಿದ್ದ. ಹಸಿರು ಎಲೆಯ ಮೇಲೆ ಅರಿಸಿನ ಚಿಮುಕಿಸಿದ ಹಾಗಿರುವ ಬಳ್ಳಿ. ಅದನ್ನು ಇವತ್ತು ಮನೆಗೆ ತಂದೆ. ತಂದದ್ದು ಅತ್ತಿಗೆಯ ಸಲುವಾಗಿ. ಸುವರ್ಣಮ್ಮ ಅತ್ತಿಗೆ ಈ ಮನೆಗೆ ಸೊಸೆಯಾಗಿ ಬಂದಾಗ ನಾನು ಮೂಗು ಸೋರುವ ಹುಡುಗ. ತಾಯಿ ಇರಲಿಲ್ಲ. ಉಣ್ಣಿಸಿದ್ದು, ಹೊಡೆದದ್ದು, ಶಾಲೆಗೆ ಎಳೆದುಕೊಂಡು ಹೋದದ್ದು ಎಲ್ಲ ಅವಳೇ. ನನಗೆ ಲಗ್ನ ಮಾಡಲು ನೋಡಿ ನೋಡಿ ಸೋತದ್ದೂ ಅವಳೇ. ಈಗ ಒಳಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾಳೆ. ಕೆಲಸದ ಭೀಮಮ್ಮ ಬೇಡಿಕೊಂಡರೆ ಒಂದು ತುತ್ತು ಉಣ್ಣುತ್ತಾಳೆ.

ಬಳ್ಳಿ ಬಂದಿದೆ ಎಂದಾಗ ಎದ್ದು ಪಡಸಾಲೆಗೆ ಬಂದಳು. ಕೆಳಗಿನ ಎರಡು ಎಲೆ ಹಳದಿಯಾಗಿದ್ದವು. ಅವನ್ನು ಮುಟ್ಟಿ ನೋಡಿ ಹೇಳಿದಳು. "ಇದೂ ಹೋಗೋ ಹಂಗೈತಿ. ಇದು ಹೋತಂದ್ರ ನಾನು ಸಂಡೂರಿಗೆ ತಮ್ಮನ ಮನಿಗೆ ಹೋಗಿಬಿಡ್ತೀನಿ ಜಡೆಪಾ. ಇಲ್ಲಿ ನನಗೇನೈತಿ."

ನಾನು ಸುಮ್ಮನಿರಬೇಕಿತ್ತು. ಬಾಯಿ ಹಳೆಯದು, ಅದರಷ್ಟಕ್ಕೆ ಅದು ಆಡಿತು. "ನನ್ನ ಕೈಯಾಗ ಬಂದೈತಿ, ಇನ್ನ ಸಾಯ್ತತೇನು? ಒಣಾ ಕಟ್ಟಿಗಿ ಚಿಗರಿಸಿದಾತ ನಾನು."

ಅವಳು ಒಳಗೆ ಹೋದಳು. ರಾತ್ರಿ ಸಾರಿಗೆ ಉಪ್ಪಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಜನವರಿ ೫, ಮಂಗಳವಾರ

ಎಲೆ ಹಳದಿಯಾದರೆ ಅದಕ್ಕೆ ಬೇಕಾದದ್ದು ಯೂರಿಯಾ. ಭತ್ತಕ್ಕೂ ಅಷ್ಟೇ, ಬಳ್ಳಿಗೂ ಅಷ್ಟೇ. ಎರಡು ಚಿಟಿಕೆ ಯೂರಿಯಾ ಹಾಕಿ ಒಂದು ತಂಬಿಗೆ ನೀರು ಹೊಯ್ದೆ.

ನೀರು ಹಾಕಿದ ಕೂಡಲೇ ಡಬ್ಬಿಯ ತಳದಿಂದ ಸುರಿದು ಕಿಟಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಎತ್ತಿ ನೋಡಿದರೆ ತಳಕ್ಕೆ ಮೊಳೆ ಹೊಡೆದು ತೂತು ಮಾಡಿದ್ದಾನೆ ಅಣ್ಣ. ಬದುವಿನಲ್ಲಿ ಏಡಿ ತೂತು ಕೊರೆದರೆ ಗದ್ದೆಯ ನೀರು ರಾತ್ರೋರಾತ್ರಿ ಖಾಲಿ. ಅದನ್ನು ಮುಚ್ಚುವುದರಲ್ಲಿ ನನ್ನ ಸಮ ಕಾಲುವೆ ಉದ್ದಕ್ಕೂ ಯಾರೂ ಇಲ್ಲ. ಕಾಲಲ್ಲಿ ತುಳಿದರೆ ಏಡಿ ಒಳಗೇ ಉಳಿಯಬೇಕು, ಹಾಗೆ ಮೆತ್ತುತ್ತೇನೆ. ಎರೆಮಣ್ಣು ಕಲಸಿ ಡಬ್ಬಿಯ ತೂತುಗಳಿಗೆಲ್ಲ ಮೆತ್ತಿ, ಒಂದು ಗೋಣಿಯ ಚೂರು ಒತ್ತಿದೆ. ಈಗ ಒಂದು ಹನಿ ಹೊರಗೆ ಬರುವುದಿಲ್ಲ. ನೀರು ಮಣ್ಣಿನ ಮೇಲೆ ಕನ್ನಡಿಯ ಹಾಗೆ ನಿಂತಿತ್ತು. ಗದ್ದೆಯಲ್ಲಿ ನೀರು ನಿಂತರೆ ನೋಡಲು ಚೆಂದ.

ಅತ್ತಿಗೆ ಒಳಗಿನಿಂದಲೇ ಎಲೆ ಹೇಗಿದೆ ಎಂದು ಕೇಳಿದಳು. ಮಸ್ತ್ ಐತಿ ಎಂದೆ.

ಜನವರಿ ೯, ಶನಿವಾರ

ಮಿಲ್ಲು. ಮನೆ. ಮಲಗಿದೆ.

ಜನವರಿ ೧೫, ಶುಕ್ರವಾರ

ಸಂಕ್ರಾಂತಿಗೆ ಅಣ್ಣನ ಮಗಳು ಹಂಪಮ್ಮ ಹೊಸಪೇಟೆಯಿಂದ ಮಕ್ಕಳನ್ನು ಕರಕೊಂಡು ಬಂದಿದ್ದಳು. ಅವಳಿಗೆ ನಾನು ಕಾಕಾ. ಹಾಗಾಗಿ ಅವಳ ಮಕ್ಕಳಿಗೂ ಕಾಕಾ, ಇಡೀ ಓಣಿಗೂ ಕಾಕಾ. ಮಕ್ಕಳು ಬಂದವರೇ ನನ್ನ ಜೇಬು ತಡಕಿದರು. ಯಾವಾಗಲೂ ಜೇಬಿನಲ್ಲಿ ಒಂದು ಓತಿಕ್ಯಾತ ಅಥವಾ ರಬ್ಬರಿನ ಹಾವು ಇರುತ್ತಿತ್ತು. ಇವತ್ತು ಮಿಲ್ಲಿನ ಬೀಗದ ಕೈ ಬಿಟ್ಟರೆ ಏನೂ ಇರಲಿಲ್ಲ. ತುಂಗಭದ್ರೆಯಲ್ಲಿ ಮೊಸಳೆಯ ಬಾಯಿಗೆ ಬೆಲ್ಲ ಇಟ್ಟು ಬಂದ ಕತೆ ಹೇಳು ಎಂದರು. ಶುರು ಮಾಡಿದೆ. ಅರ್ಧಕ್ಕೆ ಮುಂದೇನು ಎಂಬುದೇ ಮರೆತುಹೋಯಿತು. ಮಕ್ಕಳು ಸ್ವಲ್ಪ ಹೊತ್ತು ಕಾದು ಆಡಲು ಹೋದರು.

ಹಂಪಮ್ಮ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು. ಸಂಡೂರಿನ ಸೋದರಮಾವ ಕುಮಾರಪ್ಪ ಯುಗಾದಿಯ ಹೊತ್ತಿಗೆ ಜೀಪು ತಂದು ಅವ್ವನನ್ನು ಕರಕೊಂಡು ಹೋಗುತ್ತಾನಂತೆ. ಅವ್ವ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. "ನೀನಾರ ಒಂದು ಮಾತು ಹೇಳು ಕಾಕಾ," ಎಂದಳು. ನಾನು ಏನು ಹೇಳಲಿ? ಅದಿರಿನ ಲಾರಿ ಓಡಿಸುವ ಮನೆತನ, ಅವರಿಗೆ ಏನು ಕಮ್ಮಿ.

ಇನ್ನೂ ಮೂರು ಎಲೆ ಹಳದಿ. ಕಿತ್ತು ಜೇಬಿಗೆ ಹಾಕಿಕೊಂಡು ಹೊರಗೆ ಎಸೆದೆ. ಅತ್ತಿಗೆ ಕೇಳಿದಳು. ಹೊಸ ಕುಡಿ ಬರುವ ಹಾಗಿದೆ ಎಂದೆ.

ಜನವರಿ ೨೪, ಭಾನುವಾರ

ಎಲೆಯ ತುದಿ ಕಂದು ಬಣ್ಣಕ್ಕೆ ತಿರುಗಿದೆ, ಸುಟ್ಟ ಕಾಗದದ ಹಾಗೆ. ಭತ್ತದಲ್ಲಾದರೆ ಇದು ಸತುವಿನ ಕೊರತೆ. ಜಿಂಕ್ ತಂದು ನೀರಲ್ಲಿ ಕರಗಿಸಿ ಹಾಕಿದೆ. ಮಿಲ್ಲಿನ ಫಿಟ್ಟರ್ ಉಚ್ಚೆಂಗಪ್ಪ ಬೆಲ್ಟಿನ ದುಡ್ಡು ಕೇಳಲು ಮನೆಗೆ ಬಂದಿದ್ದವನು ನೋಡುತ್ತ ನಿಂತ. ಇನ್ನು ಒಂದು ಸಲ ಕಳೆ ತೆಗೆಸಿ, ಔಷಧಿ ಹೊಡೆಸಿ, ಆಮೇಲೆ ಕುಯ್ಲಿಗೆ ಆಳು ಹೇಳಿಬಿಡ್ರಿ ಎಂದ. ಹಿಂದಿನ ದಿನಗಳಾಗಿದ್ದರೆ ಅವನ ಪಂಚೆಗೆ ಗ್ರೀಸು ಹಚ್ಚದೆ ಕಳಿಸುತ್ತಿರಲಿಲ್ಲ. ದುಡ್ಡು ಕೊಟ್ಟು ಕಳಿಸಿದೆ.

ಅವನು ಓಣಿಯ ತುದಿಗೆ ಹೋಗಿ ಒಂದು ಸಲ ತಿರುಗಿ ನೋಡಿದ. ಯಾಕೋ.

ಫೆಬ್ರವರಿ ೩, ಬುಧವಾರ

ಎಲೆಯ ಮೇಲೆ ಕಪ್ಪು ಮಚ್ಚೆ. ದಂಟು ಮುಟ್ಟಿದರೆ ಮೆತ್ತಗೆ. ಡಬ್ಬಿಯಿಂದ ಚರಂಡಿಯ ವಾಸನೆ.

ನೀರು ಸಾಲದೇನೋ ಎಂದು ಇನ್ನೊಂದು ತಂಬಿಗೆ ಹಾಕಿದೆ.

ಫೆಬ್ರವರಿ ೧೧, ಗುರುವಾರ

ಇವತ್ತು ಒಂದು ಕೆಲಸ ಮಾಡಿದೆ. ಬ್ಯಾಂಕಿಗೆ ಹೋಗಿದ್ದಾಗ ಮ್ಯಾನೇಜರರ ಕೋಣೆಯ ಬಾಗಿಲಿಗೆ ಹಬ್ಬಿಸಿದ ಮನಿಪ್ಲಾಂಟ್ ನೋಡಿದೆ. ಏನು ಎಲೆ, ಏನು ಮಿಂಚು. ಮ್ಯಾನೇಜರರು ಫೋನಿನಲ್ಲಿದ್ದರು. ಒಂದು ಮೊಳ ಚಿವುಟಿ ಟವೆಲಿನೊಳಗೆ ಸುತ್ತಿ ಅದನ್ನೇ ತಲೆಗೆ ರುಮಾಲು ಕಟ್ಟಿಕೊಂಡು ಅವರ ಮುಂದೆಯೇ ಕೂತು ಮಾತಾಡಿ ಬಂದೆ. ಒಂದು ಎಲೆ ಕಿವಿಯ ಪಕ್ಕ ಇಳಿದಿತ್ತೆಂದು ಹೊರಗೆ ಬಂದ ಮೇಲೆ ಜವಾನ ಹೇಳಿದ. ದೇವರ ಪ್ರಸಾದ ಎಂದೆ.

ಮನೆಗೆ ಬಂದು ಅಣ್ಣನ ಬಳ್ಳಿಯ ಕೊಳೆತ ಭಾಗ ಹಿಂದಕ್ಕೆ ಸರಿಸಿ, ಕದ್ದ ಬಳ್ಳಿಯನ್ನು ಮುಂದಕ್ಕೆ ಸಿಕ್ಕಿಸಿ ನಿಲ್ಲಿಸಿದೆ. ದೂರದಿಂದ ನೋಡಿದರೆ ಬಳ್ಳಿ ಎದ್ದುನಿಂತ ಹಾಗಿದೆ. ಅತ್ತಿಗೆ ಬಾಗಿಲ ತನಕ ಬಂದು ನೋಡಿದಳು.  ಮಧ್ಯಾಹ್ನ ಅರ್ಧ ರೊಟ್ಟಿ ಹೆಚ್ಚಿಗೆ ತಿಂದಳೆಂದು ಭೀಮಮ್ಮ ಹೇಳಿದಳು.

ಹಾಗಾದರೆ ಕದ್ದದ್ದು ತಪ್ಪಲ್ಲ.

ಫೆಬ್ರವರಿ ೧೯, ಶುಕ್ರವಾರ

ಕದ್ದ ಬಳ್ಳಿಯೂ ಹಳದಿ ತಿರುಗಿದೆ.

ಇವತ್ತು ಕೆಳಗಿನ ಹೊಲಕ್ಕೆ ಹೋಗಿದ್ದೆ. ಕಾಲುವೆಯ ಕೊನೆಯಲ್ಲಿರುವ ಹೊಲ. ಅಣ್ಣ ಹೋದ ಮೇಲೆ ಆ ಕಡೆ ಹೋದದ್ದು ಇವತ್ತೇ. ಪಕ್ಕದವರ ಹೊಲವೆಲ್ಲ ಸವಳು. ನೆಲದ ಮೇಲೆ ಸುಣ್ಣ ಬಳಿದ ಹಾಗೆ ಉಪ್ಪು ಎದ್ದಿದೆ, ಎಮ್ಮೆಗಳು ನೆಕ್ಕುತ್ತಿದ್ದವು. ಕಾಲುವೆ ಬಂದ ಹೊಸದರಲ್ಲಿ ಆ ಹೊಲದಲ್ಲಿ ಆಳುದ್ದ ಭತ್ತ ಬರುತ್ತಿತ್ತು. ನೀರು ಬಂದಾಗಲೆಲ್ಲ ಬಿಟ್ಟುಕೊಂಡರು, ಸಾಕು ಅನ್ನಲಿಲ್ಲ. ನಮ್ಮ ಹೊಲ ಮಾತ್ರ ಹಸಿರಾಗಿದೆ. ಅಣ್ಣ ಅಂಚಿಗೆ ಒಂದು ಬಸಿಗಾಲುವೆ ತೋಡಿದ್ದ. ನೀರು ಬಿಟ್ಟುಕೊಳ್ಳಲು ಜನ ಬಡಿದಾಡುವಾಗ ನೀನು ಹೊರಗೆ ಹಾಕಲು ಗುಂಡಿ ತೋಡುತ್ತೀಯಲ್ಲ ಎಂದು ನಾನು ಊರ ತುಂಬ ಆಡಿಕೊಂಡಿದ್ದೆ. ಅವನು ಗುದ್ದಲಿ ಕೆಳಗಿಡದೆ, "ಬೇರಿಗೂ ಉಸಿರಾಡಾಕ ಬೇಕಲೇ ಜಡ್ಯಾ," ಅಂದಿದ್ದ.

ಮನೆಗೆ ಬಂದು ಕಾಲು ತೊಳೆಯದೆ ಡಬ್ಬಿಯ ಹತ್ತಿರ ಹೋದೆ. ಮಣ್ಣಿನ ಅಂಚಿಗೆಲ್ಲ ಬಿಳಿ ಉಪ್ಪು ಎದ್ದಿತ್ತು. ಬೆರಳಿಗೆ ಹಚ್ಚಿ ನಾಲಗೆಗೆ ಇಟ್ಟೆ. ಸವಳು. ಒಂದು ಡಾಲ್ಡಾ ಡಬ್ಬಿಯನ್ನು ನಾನು ಸವಳು ಹೊಲ ಮಾಡಿದ್ದೆ.

ಆದರೂ ದಿನಕ್ಕೆ ಒಂದು ತಂಬಿಗೆಗೆ ಇಷ್ಟು ನೀರು ನಿಲ್ಲಬಾರದು. ಭೀಮಮ್ಮನನ್ನು ಕೇಳಿದೆ. ಅವಳು ಸೆರಗು ಬಾಯಿಗೆ ಹಿಡಿದುಕೊಂಡು ಹೇಳಿದಳು. ದಿನಾ ಅಕ್ಕಿ ತೊಳೆದ ನೀರನ್ನು ಅದಕ್ಕೇ ಹಾಕುತ್ತಾಳಂತೆ. ಯಜಮಾನರ ಗಿಡ, ಯಾರೂ ನೋಡುವವರಿಲ್ಲ ಅಂದುಕೊಂಡಿದ್ದಳಂತೆ. ಅಷ್ಟರಲ್ಲಿ ಒಳಕೋಣೆಯಿಂದ ಅತ್ತಿಗೆಯ ದನಿ ಬಂತು. "ನಾನೂ ಹಾಕ್ತೀನಿ. ನಸುಕಿನಾಗ, ಎಲಿ ಕಾಣದ ಕತ್ತಲಾಗ. ನೀವು ಏಳೋದ್ರಾಗ."

 ಮೂರು ಕಡೆಯಿಂದ ನೀರು, ಹೋಗಲು ದಾರಿ ಇಲ್ಲ. ದಾರಿ ಮುಚ್ಚಿದವನು ನಾನು ಎಂದು ಇನ್ನೂ ಹೇಳಿರಲಿಲ್ಲ.

ಫೆಬ್ರವರಿ ೨೦, ಶನಿವಾರ

ಬೆಳಿಗ್ಗೆ ಡಬ್ಬಿಯನ್ನು ಹಿತ್ತಲಿಗೆ ಒಯ್ದು ಬೋರಲು ಹಾಕಿದೆ. ಮಣ್ಣು ಕೆಸರಾಗಿ ಒಂದೇ ಮುದ್ದೆ ಬಿತ್ತು. ಬೇರುಗಳೆಲ್ಲ ಕಪ್ಪಗೆ, ಹಿಡಿದರೆ ಸಿಪ್ಪೆ ಕೈಗೆ ಬರುತ್ತಿತ್ತು. ಅತ್ತಿಗೆ ಹಿತ್ತಲ ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ಕೂತಳು. ಅಣ್ಣ ಹೋದ ಮೇಲೆ ಅವಳು ಬಿಸಿಲಿಗೆ ಬಂದದ್ದು ನಾನು ನೋಡಿರಲಿಲ್ಲ.

ಡಬ್ಬಿಯನ್ನು ಕೈಗೆ ತೆಗೆದುಕೊಂಡು ತಳ ನೋಡಿದಳು. ಎರೆಮಣ್ಣು, ಗೋಣಿಯ ಚೂರು. ಇದೇನು ಎಂದಳು. ಏಡಿ ತೂತು ಎಂದೆ. ಅವಳು ಬೆರಳಿನಿಂದ ಕೆರೆದಳು. ಮಣ್ಣು ಬಿಡಲಿಲ್ಲ. ನನ್ನ ಕೆಲಸ, ಹಾಗೆಲ್ಲ ಬಿಡುವುದಿಲ್ಲ.

ಆಮೇಲೆ ಬ್ಯಾಂಕಿನ ಬಳ್ಳಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಇದು ನಿಮ್ಮಣ್ಣನ ಗಿಡದ್ದಲ್ಲ."

"ಅದರದ್ದ ಕುಡಿ ಅದು."

"ನಿಮ್ಮಣ್ಣನ ಎಲಿಗೆ ಅರಿಸಿನ ಚುಕ್ಕಿ ಇರತಾವು. ಇದು ಬರೇ ಹಸರು. ಎಲ್ಲಿ ಕದ್ದಿ?"

"ಬ್ಯಾಂಕಿನಾಗ," ಎಂದೆ.

"ಹೆಂಗ ತಂದಿ?"

ರುಮಾಲಿನಲ್ಲಿ ಎಂದೆ. ಕಿವಿಯ ಪಕ್ಕ ಎಲೆ ಇಳಿದದ್ದು, ಜವಾನ ಹೇಳಿದ್ದು, ದೇವರ ಪ್ರಸಾದ ಎಂದದ್ದು ಎಲ್ಲ ಹೇಳಿದೆ. ಅವಳು ಕೇಳುತ್ತ ಕೇಳುತ್ತ ಸೆರಗು ಬಾಯಿಗೆ ಒತ್ತಿಕೊಂಡಳು. ಭುಜ ಅಲುಗಿದವು. ಅಳುತ್ತಿದ್ದಾಳೆ ಅಂದುಕೊಂಡೆ. ನೋಡಿದರೆ ನಗುತ್ತಿದ್ದಳು.

ನಗು ನಿಂತ ಮೇಲೆ ಒಂದು ಕತೆ ಹೇಳಿದಳು. ಅಣ್ಣ ಈ ಬಳ್ಳಿಯನ್ನು ತಂದದ್ದು ಹೊಸಪೇಟೆಯ ಒಂದು ಲಾಡ್ಜಿನಿಂದ. ಮನಿಪ್ಲಾಂಟ್ ಕೊಂಡು ತಂದರೆ ಹತ್ತುವುದಿಲ್ಲ, ಕದ್ದು ತಂದರೆ ಮಾತ್ರ ಹತ್ತುತ್ತದೆ ಎಂದು ಯಾರೋ ಹೇಳಿದ್ದರಂತೆ. ತೂಕದಲ್ಲಿ ಒಂದು ಕಾಳು ಈಚೆ ಆಚೆ ಮಾಡದ ನನ್ನ ಅಣ್ಣ, ಕುಡಿಯನ್ನು ಧೋತರದ ಗಂಟಿನಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದ್ದನಂತೆ. ಕಂಪ್ಲಿ ಬರುವ ತನಕ ಕಂಡಕ್ಟರ್ ಹತ್ತಿರ ಬಂದಾಗಲೆಲ್ಲ ಬೆವರುತ್ತಿದ್ದನಂತೆ. ಮನೆಗೆ ಬಂದು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಆಮೇಲೆ ಅದನ್ನು ನೆಟ್ಟನಂತೆ.

"ನನಗ್ಯಾಕ ಹೇಳಲಿಲ್ಲ ಆತ?" ಎಂದೆ.

"ನಿನಗ ಹೇಳಿದ್ರ ಊರಿಗೆ ಗೊತ್ತಾಗ್ತತಿ ಅಂದ."

ಅದು ನಿಜ. ನನಗೆ ಗೊತ್ತಾಗಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಹೇಳಿ ಒಂದು ವರ್ಷ ಚಹಾ ಕುಡಿಯುತ್ತಿದ್ದೆ.

ಕೊಳೆತದ್ದನ್ನೆಲ್ಲ ಕುಡುಗೋಲಿನಿಂದ ಕತ್ತರಿಸುತ್ತ ಹೋದೆವು. ಕತ್ತರಿಸಿದಷ್ಟೂ ಕಂದು. ಕೊನೆಗೆ ತುದಿಯ ಹತ್ತಿರ ಒಂದು ಗೆಣ್ಣು ಗಟ್ಟಿಯಾಗಿತ್ತು. ಅದಕ್ಕೆ ಒಂದೇ ಎಲೆ, ಅರಿಸಿನ ಚುಕ್ಕಿಯ ಎಲೆ. ಇಷ್ಟು ಉಳಿದಿದೆ ಎಂದು ಅತ್ತಿಗೆಯ ಕೈಗೆ ಕೊಟ್ಟೆ. ಮಣ್ಣಿಗೆ ಹಾಕಿದರೆ ಮತ್ತೆ ಕೊಳೆಯುತ್ತದೆ ಎಂದು ಒಂದು ಖಾಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ನೀರು ತುಂಬಿ ಇಟ್ಟಳು. ನೀರಿನಲ್ಲಿ ಕೊಳೆತದ್ದನ್ನು ನೀರಿನಲ್ಲಿಯೇ ಇಡುತ್ತೀಯಲ್ಲ ಎಂದೆ. ಕೆಸರು ಬೇರೆ, ನೀರು ಬೇರೆ, ದಿನಾ ಬದಲಿಸುತ್ತೇನೆ ಎಂದಳು. ನೀನು ಮುಟ್ಟಬ್ಯಾಡ ಎಂದೂ ಹೇಳಿದಳು.

ಮಾರ್ಚ್ ೧, ಮಂಗಳವಾರ

ಬಾಟಲಿಯಲ್ಲಿ ಏನೂ ಆಗಿಲ್ಲ. ಎಲೆ ಬಿದ್ದಿಲ್ಲ, ಅಷ್ಟೇ.

ನೀರು ಬದಲಿಸುವುದಕ್ಕೆ ಅತ್ತಿಗೆ ದಿನಾ ಬೆಳಿಗ್ಗೆ ಪಡಸಾಲೆಗೆ ಬರುತ್ತಾಳೆ. ಬಂದವಳು ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಾಳೆ. ಕುಮಾರಪ್ಪನಿಂದ ಕಾರ್ಡು ಬಂದಿದೆ. ಅಮಾವಾಸ್ಯೆಯ ದಿನ ಜೀಪು ತರುತ್ತಾನೆ, ಯುಗಾದಿ ಸಂಡೂರಿನಲ್ಲಿಯೇ. ಅತ್ತಿಗೆ ಓದಿಸಿ ಕೇಳಿ ಕಾರ್ಡನ್ನು ದೇವರ ಗೂಡಿನಲ್ಲಿ ಇಟ್ಟಳು. ಹೋಗುವುದೋ ಇಲ್ಲವೋ ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ.

ಭೀಮಮ್ಮ ಇವತ್ತು ಸಾರಿಗೆ ಉಪ್ಪು ಸುರಿದಿದ್ದಳು. ಎಮ್ಮೆ ನೆಕ್ಕಲಿಕ್ಕೆ ಮಾಡಿದ್ದೇನು ಎಂದು ಕೇಳಿದೆ. ದಿನಾ ಇಷ್ಟೇ ಹಾಕುತ್ತೇನೆ, ನೀವು ಇವತ್ತು ಬಾಯಿ ತೆಗೆದೀರಿ ಎಂದಳು. ಈ ಆಳುಗಳಿಗೆ ಮಾತು ಹೆಚ್ಚಾಯಿತು.

ಮಾರ್ಚ್ ೯, ಬುಧವಾರ

ಬೇರು ಬಂದಿದೆ. ಗೆಣ್ಣಿನ ಪಕ್ಕದಿಂದ, ಬಿಳಿ, ಶ್ಯಾವಿಗೆಯ ಎಳೆಯಷ್ಟು. ಮಿಲ್ಲಿಗೆ ಹೋಗಿ ಉಚ್ಚೆಂಗಪ್ಪನಿಗೆ ಹೇಳಿದೆ. ಅವನು ನಂಬಲಿಲ್ಲ. ಕರಕೊಂಡು ಬಂದು ತೋರಿಸಿದೆ. ಅವನು ಬಗ್ಗಿ ನೋಡುವಾಗ ಪಂಚೆಗೆ ಗ್ರೀಸು ಹತ್ತಿತ್ತು. ಹೇಗೆ ಹತ್ತಿತೋ.

ಬಸ್‌ಸ್ಟ್ಯಾಂಡಿನ ಹೋಟೆಲಿಗೂ ಹೋಗಿದ್ದೆ. ಬೇರು ಗೇಣುದ್ದ ಬಂದಿದೆ ಎಂದು ಹೇಳಿ ಬಂದೆ.

ಮಾರ್ಚ್ ೧೭, ಗುರುವಾರ, ಅಮಾವಾಸ್ಯೆ

ಕುಮಾರಪ್ಪನ ಜೀಪು ಹತ್ತು ಗಂಟೆಗೆ ಬಂತು. ಟೈರಿನ ತನಕ ಕೆಂಪು ಅದಿರಿನ ಧೂಳು. ಮಿಲ್ಲು ಅಮಾವಾಸ್ಯೆಗೆ ಬಂದ್ ಆದ್ದರಿಂದ ನಾನು ಮನೆಯಲ್ಲೇ ಇದ್ದೆ. ಅತ್ತಿಗೆಯ ಟ್ರಂಕು ಎರಡು ದಿನದಿಂದ ಪಡಸಾಲೆಯಲ್ಲಿ ಇತ್ತು. ಅದರೊಳಗೆ ಏನಿದೆ ಎಂದು ನಾನು ಎತ್ತಿ ನೋಡಿರಲಿಲ್ಲ.

ಅತ್ತಿಗೆ ಬೆಳಿಗ್ಗೆಯೇ ಡಾಲ್ಡಾ ಡಬ್ಬಿಗೆ ಹೊಸ ಮಣ್ಣು, ಮರಳು ಹಾಕಿ ಬಳ್ಳಿಯನ್ನು ನೆಟ್ಟಿದ್ದಳು. ತಳದ ತೂತುಗಳಿಗೆ ಮತ್ತೆ ಮೊಳೆ ಹೊಡೆದು ದೊಡ್ಡದು ಮಾಡಿದ್ದಳು. ಕುಮಾರಪ್ಪ ಉಪ್ಪಿಟ್ಟು ತಿಂದ. ಜನ ಏನಂತಾರೆ, ಅಕ್ಕ ಇಲ್ಲಿ ಒಬ್ಬಳೇ ಹೇಗಿರುತ್ತಾಳೆ, ನಮ್ಮ ಮನೆಯಲ್ಲಿ ಫ್ಯಾನು ಇದೆ, ಟಿವಿ ಇದೆ, ಮಕ್ಕಳಿದ್ದಾರೆ ಎಂದು ಒಳ್ಳೆಯ ಮಾತಿನಲ್ಲೇ ಹೇಳಿದ. ಅವನದು ತಪ್ಪಲ್ಲ. ನಾನು ಎದ್ದು ಹೋಗಿ ಟ್ರಂಕಿನ ಒಂದು ಕಿವಿ ಹಿಡಿದೆ, ಜೀಪಿಗೆ ಇಡಲೆಂದು. ಎತ್ತಿದರೆ ಹಗುರ. ಖಾಲಿ ಟ್ರಂಕು.

ಅತ್ತಿಗೆ ನನ್ನ ಕಡೆ ನೋಡಲಿಲ್ಲ. ತಮ್ಮನಿಗೆ ಹೇಳಿದಳು.

"ಇವನ್ನ ಬಿಟ್ಟು ಹೆಂಗ ಬರಲಪ್ಪ? ಡಬ್ಬಿ ತೂತಿಗೆ ಏಡಿ ತೂತಂತ ಮಣ್ಣು ಮೆತ್ತಿದಾತ ಇವ. ನಾ ಹೋದ್ರ ನಾಳಿ ಮನಿ ಬಾಗಲಾ ಮೆತ್ತತಾನ, ತಾನು ಒಳಗ ಕುಂತು. ಆ ಟ್ರಂಕಿನಾಗ ನಿಮ್ಮ ಮನಿಗೆ ಅಕ್ಕಿ ತುಂಬಿಕೊಂಡು ಹೋಗು. ಹೊಸಾ ಅಕ್ಕಿ ಐತಿ."

ಕುಮಾರಪ್ಪ ನನ್ನ ಮುಖ ನೋಡಿದ. ನಾನೇ ಗೋದಾಮಿನಿಂದ ಅಕ್ಕಿ ತಂದು ಟ್ರಂಕು ತುಂಬಿಸಿದೆ. ಹಬ್ಬ ಮುಗಿದ ಮೇಲೆ ಬಂದು ಇದ್ದು ಹೋಗ್ತೀನಿ, ಒಂದು ಕುಡಿ ಬಾಟಲಿಯಲ್ಲಿ ಹಾಕಿ ತರ್ತೀನಿ ಎಂದು ಅತ್ತಿಗೆ ಹೇಳಿದಳು. ಕದ್ದಿದ್ದಾದರೆ ಹತ್ತುತ್ತದೆ ಎಂದು ನಾನು ಸೇರಿಸಿದೆ. ಕುಮಾರಪ್ಪನಿಗೆ ಅರ್ಥವಾಗಲಿಲ್ಲ. ಜೀಪು ಹೋಯಿತು.

ಆಮೇಲೆ ಅತ್ತಿಗೆ ಬಳ್ಳಿಗೆ ನೀರು ಹಾಕು ಎಂದಳು. ನಾನು ಒಂದು ಲೋಟ ಮಾತ್ರ ಹಾಕಿದೆ. ಹಾಕುತ್ತಿರುವಾಗಲೇ ಕಣ್ಣಲ್ಲಿ ನೀರು ಬರತೊಡಗಿತು. ಒರೆಸಿದಷ್ಟೂ ಬಂತು, ಅಂಗಿಯ ತೋಳು ತೊಯ್ಯುವಷ್ಟು. ಅತ್ತಿಗೆ ಏನಾಯಿತು ಎಂದಳು. ಮಿಲ್ಲಿನ ಹೊಟ್ಟು ಬಿದ್ದಿದೆ ಎಂದೆ. ಇವತ್ತು ಮಿಲ್ಲು ಬಂದ್ ಐತೆಲ್ಲ ಎಂದು ಭೀಮಮ್ಮ ಬಾಯಿ ಹಾಕಿದಳು. ಅತ್ತಿಗೆ ಅವಳನ್ನು ಒಳಗೆ ಕಳಿಸಿ, ನನ್ನ ಪಕ್ಕ ಅವರೆಕಾಯಿಯ ಮೊರ ಇಟ್ಟುಕೊಂಡು ಕೂತಳು. ಸಂಜೆಯ ತನಕ ಹಾಗೇ ಬರುತ್ತಿತ್ತು. ಹೊಟ್ಟು ಒಮ್ಮೊಮ್ಮೆ ಭಾಳ ಹೊತ್ತು ಕಾಡುತ್ತದೆ.

ಡಬ್ಬಿಯ ತಳದಿಂದ ನೀರು ಹರಿದು ಕಿಟಕಿ ಕಟ್ಟೆಯ ಮೇಲೆ ಬಂದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಹೋಗಲಿ ಎಂದು ಬಿಟ್ಟೆ.